‘ಅಮೀನಗಡ ದಾಟೇನಿ’ ಎನ್ನುತ್ತಿದ್ದ ಸಾಹೇಬರು

ಕಳೆದ ವಾರ ಬಾಗಲಕೋಟೆಯ ನವನಗರದಲ್ಲಿ ನಮ್ಮ ಸಾಹೇಬರ ಶ್ರದ್ಧಾಂಜಲಿ ಸಭೆ ಇತ್ತು. ಹತ್ತು ಗಂಟೆಗೆ ಎಂದು ಸಾರಿದ ಸಭೆ ಶುರುವಾದಾಗ ಬಿಸಿಲು ನೆತ್ತಿಗೆ ಬಂದಿತ್ತು. ಮುಖ್ಯ ಅತಿಥಿಗಳು ಇನ್ನೂ ದಾರಿಯಲ್ಲಿದ್ದರು, ಅದೇ ಕಾರಣ. ಹಾರ ಹಾಕಿದ ಫೋಟೋದೊಳಗಿಂದ ಸಾಹೇಬರು ನಮ್ಮನ್ನೆಲ್ಲ ನೋಡಿ ನಗುತ್ತಿದ್ದರು. ಕಡೆಗೂ ಸಭೆ ಶುರುವಾಗಿ, ಮೊದಲು ಮೈಕ್ ಹಿಡಿದ ಪುಣ್ಯಾತ್ಮರು ಗಂಟಲು ಸರಿಮಾಡಿಕೊಂಡು, “ಸಮಯಪಾಲನೆಗೆ ಇನ್ನೊಂದು ಹೆಸರೇ ನಮ್ಮ ಮಾಜಿ ಶಾಸಕರು” ಎಂದರು. ನನ್ನ ಪಕ್ಕದಲ್ಲಿ ಕೂತಿದ್ದ ಮೌಲಾಸಾಬ, ಸಾಹೇಬರ ಹಳೆಯ ಡ್ರೈವರ್, ಕರ್ಚೀಫನ್ನು ಬಾಯಿಗೆ ಒತ್ತಿಕೊಂಡ. ಅವನ ಭುಜ ಕುಣಿಯುವುದನ್ನು ನೋಡಿ ಹಿಂದಿನ ಸಾಲಿನವರು ಪಾಪ, ಅಳುತ್ತಿದ್ದಾನೆ ಎಂದುಕೊಂಡು ಬೆನ್ನು ಸವರಿದರು.

ಸತ್ತವರ ಮೇಲೆ ಇಂಥ ಸುಳ್ಳು ಹೊರಿಸಬಾರದು ಕಣ್ರೀ. ವರ್ಷಗಟ್ಟಲೆ ಅವರ ಜೊತೆ ಕೆಲಸ ಮಾಡಿದವಳು ನಾನು. ಅವರು ಹೊತ್ತಿಗೆ ಸರಿಯಾಗಿ ಒಂದು ಕಡೆ ಬಂದದ್ದನ್ನು ಒಂದೇ ಒಂದು ಸಲ ನೋಡಿದ್ದೇನೆ. ಆ ಮಾತಿಗೆ ಬರುತ್ತೇನೆ, ಆದರೆ ಅವರ ಬಗ್ಗೆ ಬರೆಯುತ್ತಿರುವುದರಿಂದ ತುಸು ತಡವಾಗಿಯೇ ಬರುತ್ತೇನೆ.

ಸಾಹೇಬರು ಒಂದು ಸಲ ಗೆದ್ದು ಶಾಸಕರಾದವರು, ಮರುಸಲ ಸೋತವರು. ಸೋತ ಮೇಲೆ ಮನೆ ಮುಂದಿನ ಚಪ್ಪಲಿಗಳ ರಾಶಿ ಕರಗಿತು, ಬೆಳಗಿನ ಚಹಾದ ಪಾತ್ರೆ ಚಿಕ್ಕದಾಯಿತು. ಅದೇ ಹೊತ್ತಿಗೆ ನಮ್ಮ ಮಕ್ಕಳ ಸಂಸ್ಥೆಗೆ ಒಬ್ಬ ಮುಖ್ಯಸ್ಥರು ಬೇಕಾಗಿದ್ದರು. ಬಾದಾಮಿಯಲ್ಲಿ ಹೆಣ್ಣುಮಕ್ಕಳ ವಸತಿನಿಲಯ, ಹುನಗುಂದ-ಇಳಕಲ್ಲಿನಲ್ಲಿ ಬೇಸಿಗೆ ಶಿಬಿರ, ಸಾಲಿ ಬಿಟ್ಟ ಮಕ್ಕಳನ್ನು ಮತ್ತೆ ಸಾಲಿಗೆ ಹಚ್ಚುವ ಕೆಲಸ, ಇಷ್ಟು ನಮ್ಮ ಸಂಸಾರ. ಹುನಗುಂದದ ಹೈಸ್ಕೂಲಿನಲ್ಲಿ ಕನ್ನಡ ಕಲಿಸಿ, ಸ್ವಯಂ ನಿವೃತ್ತಿ ಪಡೆದು ಅಲ್ಲಿಗೆ ಸೇರಿದ್ದ ನಾನೂ ಆಯ್ಕೆ ಸಮಿತಿಯಲ್ಲಿ ಕೂತಿದ್ದೆ. ಸಂದರ್ಶನಕ್ಕೆ ಬಂದ ಸಾಹೇಬರೋ, ಗಂಜಿ ಹಾಕಿದ ಬಿಳಿ ಅಂಗಿ, ಅತ್ತರು, ಎರಡು ತಾಸು ತಡ. ನನಗೆ ಮೈಯೆಲ್ಲ ಉರಿಯುತ್ತಿತ್ತು.

“ಮಕ್ಕಳ ಜೊತೆ ಕೆಲಸ ಮಾಡಿದ ಅನುಭವ ಏನೈತ್ರಿ?” ಎಂದು ಕೇಳಿದೆ.

“ಐದ ವರ್ಷ ವಿಧಾನಸಭಾದಾಗ ಕುಂತಿದ್ದೆ, ಅಕ್ಕೋರ,” ಎಂದರು. “ಅಲ್ಲೂ ಬರೇ ಗದ್ದಲಾ. ಎಬ್ಬಿಸಿ ಬೆಂಚಿನ ಮ್ಯಾಲ ನಿಂದ್ರಸೋ ನಿಮ್ಮಂಥಾ ಅಕ್ಕೋರು ಇರಲಿಲ್ಲ, ಅಷ್ಟ ಫರಕ.”

ನಮ್ಮ ಕಡೆ ಕಲಿಸುವ ಹೆಣ್ಣುಮಕ್ಕಳಿಗೆಲ್ಲ ಅಕ್ಕೋರು ಎನ್ನುತ್ತಾರೆ. ಅಂದಿನಿಂದ ಕೊನೆಯವರೆಗೆ ನಾನು ಅವರ ಬಾಯಲ್ಲಿ ಅಕ್ಕೋರೇ ಆಗಿ ಉಳಿದೆ. ಸಮಿತಿಯವರೆಲ್ಲ ನಕ್ಕರು. ಉಳಿದ ಉಮೇದುವಾರರು ಯಾರನ್ನೂ ನಗಿಸಿರಲಿಲ್ಲ, ಕೆಲಸ ಸಾಹೇಬರಿಗೇ ಹೋಯಿತು.

ಕುರ್ಚಿ ಬದಲಾಯಿತು, ಮನುಷ್ಯ ಬದಲಾಗಲಿಲ್ಲ. “ಆಗಂಗಿಲ್ಲ” ಎಂಬ ಮಾತು ಅವರ ನಾಲಿಗೆಗೆ ಒಗ್ಗುತ್ತಲೇ ಇರಲಿಲ್ಲ. ಏನು ಕೇಳಿದರೂ “ನೋಡೋಣು, ಮಾಡೋಣು”. ಬೇವೂರಿನ ಸಾಲಿಯಲ್ಲಿ ಮೊದಲ ಭಾಷಣಕ್ಕೆ ನಿಂತು “ನನ್ನ ನೆಚ್ಚಿನ ಮತದಾರ ಬಾಂಧವರೇ” ಎಂದು ಶುರುಮಾಡಿದರು. ಎದುರಿಗಿದ್ದವರು ಮೂರನೆಯ ಇಯತ್ತೆಯ ಮಕ್ಕಳು. ಜೋಕಾಲಿ ಬೇಕು ಎಂದವು. ನೋಡೋಣು, ಮಾಡೋಣು ಎಂದು ಬಂದರು. ಮುಂದಿನ ವಾರ ಹೋದಾಗ ಮಕ್ಕಳು ಜೀಪಿಗೆ ಮುತ್ತಿಗೆ ಹಾಕಿ “ಜೋಕಾಲಿ ಎಲ್ರಿ?” ಎಂದವು. ಅದರ ಮುಂದಿನ ವಾರವೂ ಅದೇ ಪಾಡು. ಆ ದಿನ ಬಾಗಲಕೋಟೆಯ ಆಫೀಸಿಗೆ ಬಂದವರು ನನ್ನೆದುರು ಧೊಪ್ಪನೆ ಕೂತು, “ಅಕ್ಕೋರ, ಮತದಾರರು ಐದ ವರ್ಷಕ್ಕೊಮ್ಮೆ ಕೇಳ್ತಾರ, ಇವು ವಾರಕ್ಕೊಮ್ಮೆ ಕೇಳ್ತಾವ. ಹಿಂಗಾದ್ರ ರಾಜಕಾರಣ ಹೆಂಗ ಮಾಡೂದ್ರಿ?” ಎಂದರು. ಮರುದಿನವೇ ಜೋಕಾಲಿ ಹೋಯಿತು.

ಇನ್ನು ಶಾಲುಗಳ ಕಥೆ. ಶಾಸಕರಾಗಿದ್ದಾಗ ಬಂದ ಸನ್ಮಾನದ ಶಾಲುಗಳು ಅವರ ಮನೆಯ ಎರಡು ಟ್ರಂಕುಗಳಲ್ಲಿ ತುಂಬಿದ್ದವು. ಒಂದು ಚಳಿಗಾಲ ಬಾದಾಮಿಯ ನಿಲಯದಲ್ಲಿ ಮಕ್ಕಳು ಮುದುಡಿ ಮಲಗಿದ್ದನ್ನು ನೋಡಿ ಬಂದವರೇ ಟ್ರಂಕು ಎರಡನ್ನೂ ಜೀಪಿಗೆ ಹೇರಿಸಿದರು. ಕೌದಿ ಹೊಲಿಯುವ ಅಜ್ಜಿಯರನ್ನು ಕೂಡಿಸಿ, ಶಾಲುಗಳನ್ನೆಲ್ಲ ಕತ್ತರಿಸಿ, ಹಳೆಯ ಸೀರೆಗಳ ಜೊತೆ ಸೇರಿಸಿ ಕೌದಿ ಹೊಲಿಸಿದರು. ಜರಿಯಂಚಿನ ಕೌದಿ ಯಾರಿಗೆ ಎಂದು ಹುಡುಗಿಯರಲ್ಲಿ ಜಗಳವೇ ಜಗಳ. “ನನ್ನ ಸನ್ಮಾನದ ಮ್ಯಾಲ ಯಾವದೋ ಹುಡುಗಿ ಉಚ್ಚಿ ಹೊಯ್ದಾಳಂತ್ರಿ,” ಎಂದು ಬಂದವರಿಗೆಲ್ಲ ಹೇಳಿಕೊಂಡು ನಗುತ್ತಿದ್ದರು.

ಆದರೆ ಆ ತಡ! ಶಿವಶಿವಾ! ನಮ್ಮ ಕಡೆ ಒಂದು ಪದ್ಧತಿ ಬೆಳೆದುಬಿಟ್ಟಿದೆ. ಮದುವೆಗೆ ಒಬ್ಬ ದೊಡ್ಡ ಮನುಷ್ಯನನ್ನು ಕರೆದರೆ, ಅವನು ಬಂದು, ವೇದಿಕೆ ಏರಿ, ಮೈಕಿನಲ್ಲಿ ನಾಲ್ಕು ಮಾತಾಡುವವರೆಗೆ ಯಾರೂ ವಧೂವರರ ಮೇಲೆ ಅಕ್ಷತೆಯ ಅಕ್ಕಿಕಾಳು ಒಗೆಯುವಂತಿಲ್ಲ. ಮುಹೂರ್ತವೇ ಬೇಕಾದರೆ ಅವನಿಗಾಗಿ ಕಾಯಬೇಕು. ಸಾಹೇಬರಿಗೆ ದಿನಕ್ಕೆ ಮೂರು ನಾಲ್ಕು ಮದುವೆ. ಎಲ್ಲಿಂದ ಫೋನು ಬಂದರೂ ಒಂದೇ ಉತ್ತರ: “ಬಂದ್ನಿ ಬಂದ್ನಿ, ಅಮೀನಗಡ ದಾಟೇನಿ.” ಬಾಗಲಕೋಟೆಯಿಂದ ಹುನಗುಂದ, ಇಳಕಲ್ಲಿನ ಕಡೆ ಹೋಗುವಾಗ ಅಮೀನಗಡ ನಡುದಾರಿಯಲ್ಲಿ ಸಿಗುವ ಊರು. ಸಾಹೇಬರು ಬಾದಾಮಿಯಲ್ಲಿದ್ದರೂ ಅಮೀನಗಡ ದಾಟಿರುತ್ತಿದ್ದರು, ಬಚ್ಚಲಲ್ಲಿದ್ದರೂ ದಾಟಿರುತ್ತಿದ್ದರು. “ಸಾಹೇಬ್ರು ಅಮೀನಗಡ ದಾಟೇನಿ ಅಂದ್ರಂದ್ರ ಮಾರಿಗೆ ಸಾಬಾಣ ಹಚ್ಚ್ಯಾರ ಅಂತ ತಿಳೀಬೇಕ್ರಿ,” ಎಂದು ಮೌಲಾಸಾಬ ನನಗೆ ಮೊದಲ ವಾರವೇ ಹೇಳಿಕೊಟ್ಟಿದ್ದ. ಬಂದ ಮೇಲಾದರೂ ಮುಗಿಯಿತೇ? “ಎರಡ ಮಾತ ಹೇಳಿ ಕೂಡ್ತೇನಿ” ಎಂದು ಶುರುಮಾಡಿದರೆ, ಅಡುಗೆಯವರು ಸಾರನ್ನು ಮತ್ತೆ ಒಲೆಗೇರಿಸುತ್ತಿದ್ದರು.

ನನ್ನನ್ನು ಬಿಟ್ಟರೆ ಈ ತಡವನ್ನು ಅವರ ಮುಖಕ್ಕೆ ಕೇಳಿದವಳು ಒಬ್ಬಳೇ. ಇಳಕಲ್ಲಿನ ನಮ್ಮ ಬೇಸಿಗೆ ಶಿಬಿರದಲ್ಲಿ, ನೀಲಾ ಎಂಬ ನೇಕಾರರ ಹುಡುಗಿ. ಎಂಟನೆಯ ಇಯತ್ತೆ, ಎರಡು ಜಡೆ, ಮೈಕ್ ಬೇಡದಂಥ ಗಂಟಲು. ಬೆಳಿಗ್ಗೆಯಿಂದ ಸಾಹೇಬರಿಗಾಗಿ ಕಾದು ಮಕ್ಕಳೆಲ್ಲ ಬಾಡಿಹೋಗಿದ್ದವು. ಅವರು ಮಧ್ಯಾಹ್ನ ಬಂದು, “ಏನರ ಕೇಳೂದಿದ್ರ ಕೇಳ್ರಿ ಮಕ್ಕಳ,” ಎಂದಾಗ ಈಕೆ ಎದ್ದು ನಿಂತಳು.

“ಸಾಹೇಬ್ರ, ನೀವ್ ಯಾಕ ತಡಾ ಮಾಡಿದ್ರಿ?”

ಸಾಹೇಬರು ಅಂಗಿಯ ಕಾಲರು ಸರಿಮಾಡಿಕೊಂಡು, “ರಸ್ತಾ ಭಾಳ ಕೆಟ್ಟೈತವಾ,” ಎಂದರು.

“ರಸ್ತಾ ನೀವ ಮಾಡಿಸಿದ್ದಲ್ರೀ?”

ಮೊದಲು ನಕ್ಕವರು ಸಾಹೇಬರೇ. ನಕ್ಕು ನಕ್ಕು ಕಣ್ಣೊರೆಸಿಕೊಂಡರು. ವಾಪಸು ಬರುವಾಗ ಮಾತ್ರ ಜೀಪಿನಲ್ಲಿ, “ಅಕ್ಕೋರ, ಆ ಹುಡುಗಿ ಭಾಳ ಕಲೀಬೇಕ್ರಿ. ಆಕಿ ಮುಂದ ಎಲ್ಲಿ ಕುಂತ್ರೂ ಅಲ್ಲಿ ಯಾರೂ ಸುಳ್ಳ ಹೇಳಾಕ ಆಗಂಗಿಲ್ಲ,” ಎಂದರು. ಅವರ ಬಾಯಲ್ಲಿ “ಆಗಂಗಿಲ್ಲ” ಕೇಳಿದ್ದು ಅದೇ ಮೊದಲು.

ಎರಡು ವರ್ಷ ಕಳೆದಿರಬೇಕು. ಒಂದು ಸಂಜೆ, ಆಫೀಸು ಮುಚ್ಚುವ ಹೊತ್ತಿಗೆ, ನೀಲಾಳ ಅಪ್ಪ ಈರಣ್ಣ ಕೈಯಲ್ಲಿ ಕರದಂಟಿನ ಡಬ್ಬಿ, ಬಗಲಲ್ಲಿ ಲಗ್ನಪತ್ರಿಕೆ ಹಿಡಿದುಕೊಂಡು ಬಂದ. ಮರುದಿನವೇ ಮಗಳ ಮದುವೆ. ಯಾವ ಮಗಳು? ನೀಲಾ! ಹತ್ತನೆಯ ಇಯತ್ತೆಯ ಹುಡುಗಿ. ಪತ್ರಿಕೆ ಬಿಡಿಸಿ ನೋಡುತ್ತೇನೆ, ಘನ ಉಪಸ್ಥಿತಿಯಲ್ಲಿ ಮೊಟ್ಟಮೊದಲು ನಮ್ಮ ಸಾಹೇಬರ ಹೆಸರು, ಕೆಳಗೆ ಬಿರುದಾವಳಿ: ಮಾಜಿ ಶಾಸಕರು ಹಾಗೂ ಮಕ್ಕಳ ಸಂಸ್ಥೆಯ ಮುಖ್ಯಸ್ಥರು. ಬಾಲ್ಯವಿವಾಹ ತಡೆಯಬೇಕಾದವರನ್ನೇ ಬಾಲ್ಯವಿವಾಹಕ್ಕೆ ಮುಖ್ಯ ಅತಿಥಿಯಾಗಿ ಕರೆಯಲು ಬಂದಿದ್ದ ಮಹಾರಾಯ. ಈರಣ್ಣನ ಮಟ್ಟಿಗೆ ಅವರು ಇನ್ನೂ ಶಾಸಕರೇ, ಸಂಸ್ಥೆ ಎಂಬುದು ಅವರ ಹೆಸರಿನ ಮುಂದಿನ ಇನ್ನೊಂದು ಶಾಲು, ಅಷ್ಟೇ.

“ಹುಡುಗಿ ವಯಸ್ಸೆಷ್ಟೋ ಈರಣ್ಣಾ?” ಎಂದು ಸಾಹೇಬರು ಮೆತ್ತಗೆ ಕೇಳಿದರು.

“ಹದಿನೆಂಟು ತುಂಬೇತ್ರಿ,” ಎಂದ ಈರಣ್ಣ, ನೆಲ ನೋಡುತ್ತ. “ನಮ್ಮವ್ವ ಇವತ್ತೋ ನಾಳೆಯೋ ಅನ್ನೂಹಂಗ ಆಗ್ಯಾಳ್ರಿ. ಮೊಮ್ಮಗಳ ಅಕ್ಕಿಕಾಳ ನೋಡಿ ಕಣ್ಣ ಮುಚ್ಚತೇನಿ ಅಂತ ಹಟಾ ಹಿಡದಾಳ. ನೀವ ಬರ್ತೀರಿ ಅಂತ ಬೀಗರಿಗೆ ಹೇಳಿ ಬಂದೇನಿ, ನನ್ನ ಮಾನಾ ನಿಮ್ಮ ಕೈಯಾಗ ಐತ್ರಿ.”

“ಬರ್ತೇನಿ ತಗೋ,” ಎಂದರು ಸಾಹೇಬರು. “ಆದ್ರ ನಾ ಬರೂತನಕ ಅಕ್ಕಿಕಾಳ ಒಗೀಬ್ಯಾಡ್ರಿ.”

ಈರಣ್ಣ ಕೈಮುಗಿದು ಹೋದ. ನಾನು ಬಾಗಿಲು ಹಾಕಿಕೊಂಡು ಬಂದು ಬಾಯಿಗೆ ಬಂದಂತೆ ಬೈದೆ. ಇದು ಸಂಸ್ಥೆಯೋ, ಮದುವೆ ದಲ್ಲಾಳಿ ಅಂಗಡಿಯೋ ಎಂದೂ ಕೇಳಿದೆ. ಸಾಹೇಬರು ಕರದಂಟು ಮುರಿಯುತ್ತ ಎಲ್ಲವನ್ನೂ ಕೇಳಿಸಿಕೊಂಡರು.

“ಹ್ವಾದ ವರ್ಷದ ಹುಡುಗೀನ ಮರ್ತ್ರೇನು?” ಎಂದರು.

ಮರೆಯುವುದೆಲ್ಲಿ! ಆ ಸಲ ಮೊದಲೇ ಸುದ್ದಿ ತಿಳಿದು ನಾವು ಮನೆಗೆ ಹೋಗಿ ಬುದ್ಧಿ ಹೇಳಿದ್ದೆವು. ಮನೆಯವರು ಕೈಮುಗಿದು, ಮಾಡುವುದಿಲ್ಲ ಎಂದು ದೇವರ ಮೇಲೆ ಆಣೆ ಇಟ್ಟು, ನಾವು ಬೆನ್ನು ತಿರುಗಿಸಿದ್ದೇ ತಡ, ಬೇರೆ ಊರಿಗೆ ಒಯ್ದು ತಾಳಿ ಕಟ್ಟಿಸಿದ್ದರು. ಮರುದಿನ ಹೋದಾಗ ಸಿಕ್ಕಿದ್ದು ಬರೀ ಹಂದರ, ಚೆಲ್ಲಿದ ಚೆಂಡುಹೂವು. ಆ ಹಂದರದಡಿ ಸಾಹೇಬರು ಬಾಗಿ ಒಂದು ಹೂವು ಎತ್ತಿಕೊಂಡಿದ್ದರು.

ಮಕ್ಕಳ ರಕ್ಷಣೆಯ ಅಧಿಕಾರಿಗೆ ಆಗಲೇ ಫೋನು ಮಾಡಿದೆವು. ಆ ಹೆಣ್ಣುಮಗಳು, “ಕೋರ್ಟಿನ ತಡೆಯಾಜ್ಞೆ ಕೈಯಾಗ ಹಿಡಕೊಂಡ ಹೋಗೋಣ್ರಿ, ಅಂದ್ರ ಯಾವ ಊರಿಗೊಯ್ದ್ರೂ ನಡಿಯಂಗಿಲ್ಲ,” ಎಂದರು. ಹುನಗುಂದದ ಕೋರ್ಟು ಕೂಡುವುದೇ ಹನ್ನೊಂದಕ್ಕೆ, ಆಜ್ಞೆ ಕೈಗೆ ಬರಲು ಮಧ್ಯಾಹ್ನವಾದೀತು. ಇಳಕಲ್ಲಿನಲ್ಲಿ ಮುಹೂರ್ತ ಹನ್ನೊಂದೂವರೆಗೆ. ನಾನು ತಲೆಗೆ ಕೈ ಹಚ್ಚಿ ಕೂತೆ.

“ತಡಾ ಮಾಡೂದು ನನಗ ಬಿಡ್ರಿ ಅಕ್ಕೋರ,” ಎಂದರು ಸಾಹೇಬರು. “ಅದೊಂದ ಕೆಲಸಾ ನನಗ ಚಲೋ ಬರ್ತೈತಿ.”

ಮರುದಿನ ಜೀಪಿನಲ್ಲಿ ಸಾಹೇಬರು, ನಾನು, ಮೌಲಾಸಾಬ. ಅಮೀನಗಡದಲ್ಲಿ ಗಾಡಿ ನಿಲ್ಲಿಸಿ ಚಹಾ ಕುಡಿಯುತ್ತಿರುವಾಗ ಮೊದಲ ಫೋನು ಬಂತು. “ಬಂದ್ನಿ ಈರಣ್ಣಾ, ಅಮೀನಗಡ ದಾಟೇನಿ,” ಎಂದರು. ಆಯುಷ್ಯದಲ್ಲಿ ಮೊದಲ ಸಲ ಅವರು ಆ ಮಾತನ್ನು ಅಮೀನಗಡದಿಂದಲೇ ಹೇಳಿದ್ದರು. ಮೌಲಾಸಾಬನಿಗೆ ಚಹಾ ನೆತ್ತಿಗೇರಿತು.

ಅಲ್ಲಿಂದ ಹುನಗುಂದಕ್ಕೆ ಬಂದು ಕೋರ್ಟಿನ ಎದುರು ಬೇವಿನ ಮರದಡಿ ನಿಂತೆವು. ಅಧಿಕಾರಿ ಒಳಗಿದ್ದರು. ಹನ್ನೊಂದೂವರೆ ಆಯಿತು. ಫೋನಿನ ಮೇಲೆ ಫೋನು. ಒಮ್ಮೆ ಟಾಯರು ಪಂಕ್ಚರ್ ಎಂದರು, ಒಮ್ಮೆ ಕುರಿಹಿಂಡು ಅಡ್ಡ ಬಂತು ಎಂದರು. ಪಾಪ, ಈರಣ್ಣನ ದನಿ ಸಣ್ಣಗಾಗುತ್ತಿತ್ತು. ಅವನ ಹಿಂದೆ ಒಂದು ಒರಟು ಗಂಡುದನಿ ಕೇಳಿಸಿತು, ವರನ ಸೋದರಮಾವನದು: “ಸಾಕ ಮಾಡ್ರಿ! ಒಗೀರಿ ಅಕ್ಕಿಕಾಳ, ಅವ್ರು ಬಂದಮ್ಯಾಲ ಫೋಟೋ ತಗಸಿದ್ರಾತು!”

ಮುಗಿಯಿತು, ಹುಡುಗಿಯ ಬದುಕು ಹಾಳಾಗಲು ಇನ್ನು ಒಂದು ಹಿಡಿ ಅಕ್ಕಿಯಷ್ಟೇ ದೂರವಿತ್ತು. ಸಾಹೇಬರ ಹಣೆಯಲ್ಲೂ ಬೆವರು. ಆದರೆ ದನಿಯಲ್ಲಿ ಅದೇ ಸಕ್ಕರೆ.

“ಈರಣ್ಣಾ, ಫೋನ್ ಮೈಕಿಗೆ ಹಿಡಿ. ಕೂಡಿದ ಮಂದಿ ಕಾಯಾಕತ್ತಾರ, ಬರೂತನಕ ಇಲ್ಲಿಂದ್ಲೇ ಎರಡ ಮಾತ ಹೇಳ್ತೇನಿ.”

ಶುರುವಾಯಿತು ನೋಡಿ! ಮೊದಲು ಇಳಕಲ್ಲಿನ ಸೀರೆ. ಸೆರಗು ಬೇರೆ ನೇಯ್ದು, ಮೈ ಬೇರೆ ನೇಯ್ದು, ಎಳೆಗೆ ಎಳೆ ಕೊಂಡಿ ಹಾಕಿ ಕೂಡಿಸುವ ಬಗೆ, ಸಂಸಾರವೂ ಹಾಗೆಯೇ ಎಂಬುದು. ಆಮೇಲೆ ಬಂದವರಿಗೆ ವಂದನೆ. ಯಾರ್ಯಾರು ಬಂದಿದ್ದಾರೆಂದು ಈರಣ್ಣನನ್ನೇ ಕೇಳಿ, ಒಬ್ಬೊಬ್ಬರ ಹೆಸರು ಹಿಡಿದು, ಅವರ ಅಪ್ಪ ಎಂಥವರು, ಅಜ್ಜ ಯಾವ ಬಾವಿ ತೋಡಿಸಿದರು ಎಂದು ಹೇಳುತ್ತ ಹೋದರು. ಹೆಸರು ನೆನಪಿಡುವುದರಲ್ಲಿ ಅವರನ್ನು ಮೀರಿಸುವವರಿರಲಿಲ್ಲ. ತನ್ನ ಹೆಸರು ಮೈಕಿನಲ್ಲಿ ಬರುವ ಮುಂಚೆ ಅಕ್ಕಿ ಒಗೆಯುವ ಗಂಡಸು ನಮ್ಮ ಜಿಲ್ಲೆಯಲ್ಲಿ ಇನ್ನೂ ಹುಟ್ಟಿಲ್ಲ. ಎಲ್ಲರೂ ಮುಷ್ಟಿಯಲ್ಲಿ ಅಕ್ಕಿ ಹಿಡಿದು ತಮ್ಮ ಪಾಳಿಗೆ ಕಾದರು. ಸೋದರಮಾವನ ಅಪ್ಪನನ್ನು ಹೊಗಳಿದ್ದೇ ತಡ, ಆತನೂ ಕೂತನಂತೆ.

ಅಷ್ಟರಲ್ಲಿ ಅಧಿಕಾರಿ ಕಾಗದ ಎತ್ತಿ ತೋರಿಸುತ್ತ ಹೊರಗೆ ಓಡಿಬಂದರು. ಮಹಿಳಾ ಪೊಲೀಸರೊಂದಿಗೆ ಅವರ ಗಾಡಿ ಮುಂದೆ, ನಮ್ಮದು ಹಿಂದೆ. ಸಾಹೇಬರು ದಾರಿಯುದ್ದಕ್ಕೂ ಮಾತು ನಿಲ್ಲಿಸಲಿಲ್ಲ. ಕಲ್ಯಾಣ ಮಂಟಪದ ಬಾಗಿಲಲ್ಲಿ ಇಳಿದಾಗ ಮೈಕಿನೊಳಗೂ ಅವರದೇ ದನಿ, ಬಾಗಿಲಲ್ಲೂ ಅವರದೇ ದನಿ. ಜನ ಎದ್ದು ಚಪ್ಪಾಳೆ ತಟ್ಟಿದರು. ಹಿಂದೆ ಪೊಲೀಸರನ್ನು ಕಂಡದ್ದೇ ಚಪ್ಪಾಳೆ ಅರ್ಧಕ್ಕೇ ನಿಂತಿತು.

ಮುಂದಿನದೆಲ್ಲ ನಗೆಯ ಮಾತಲ್ಲ. ಬೀಗರು ಕೂಗಾಡಿ ಎದ್ದು ಹೋದರು. ಇವತ್ತೋ ನಾಳೆಯೋ ಎನ್ನುತ್ತಿದ್ದ ಮುದುಕಿ ಎದ್ದು ನಿಂತು ಸಾಹೇಬರ ಏಳು ತಲೆಮಾರಿಗೂ ಬೈದಳು. ಈರಣ್ಣ ಮಾತ್ರ ಕಂಬಕ್ಕೆ ಒರಗಿ, “ನಂಬಿಸಿ ಕುತಿಗಿ ಕೊಯ್ದ್ರಿ ಸಾಹೇಬ್ರ,” ಎಂದ. “ನಿನ್ನ ಸಿಟ್ಟು ಖರೆ ಐತಿ, ಬೈಯಿ,” ಎಂದು ಸಾಹೇಬರು ಅವನ ಪಕ್ಕದಲ್ಲಿ ನೆಲಕ್ಕೇ ಕೂತರು.

ನೀಲಾ ಹಸಿರು ಬಳೆ ತೊಟ್ಟು, ಹಣೆಗೆ ಹೂವಿನ ದಂಡೆ ಕಟ್ಟಿಕೊಂಡೇ ಅವರೆದುರು ಬಂದು ನಿಂತಳು. ಕಣ್ಣೀರು ಇಳಿಯುತ್ತಿತ್ತು, ಆದರೂ ತುಟಿಯಂಚಿನಲ್ಲಿ ಆ ಶಿಬಿರದ ಹುಡುಗಿಯೇ ಇದ್ದಳು.

“ರಸ್ತಾ ಕೆಟ್ಟಿತ್ತೇನ್ರೀ ಸಾಹೇಬ್ರ?”

“ಹೂಂ ಅವ್ವಾ,” ಎಂದರು ಅವರು. “ಭಾಳ ಕೆಟ್ಟಿತ್ತು.”

ನಾನು ಅತ್ತುಬಿಟ್ಟೆ. ಈಗ ಬರೆಯುವಾಗಲೂ ಕಣ್ಣು ತುಂಬುತ್ತದೆ.

ಆ ದಿನದ ನಂತರ ಸಾಹೇಬರಿಗೆ ‘ಲಗ್ನಾ ಕೆಡಸೂ ಸಾಹೇಬ್ರು’ ಎಂದು ಹೆಸರು ಬಿತ್ತು. ಅವರ ಮೇಜಿನ ಮೇಲೆ ರಾಶಿ ಬೀಳುತ್ತಿದ್ದ ಲಗ್ನಪತ್ರಿಕೆಗಳು ನಿಂತವು. ಮುಂದಿನ ಚುನಾವಣೆಯಲ್ಲಿ ಟಿಕೆಟ್ಟಿನ ಮಾತು ಬಂದಾಗ, ಜನ ಮದುವೆಗೇ ಕರೆಯದ ಮನುಷ್ಯನನ್ನು ಮತ ಕೇಳಲು ಹೇಗೆ ಕಳಿಸುವುದೆಂದು ಪಕ್ಷದವರು ಅದನ್ನು ಬೇರೆಯವರಿಗೆ ಕೊಟ್ಟರು. “ಲಗ್ನದ ಊಟಾ ತಪ್ಪಿ ಹೊಟ್ಟಿ ಇಳೀತು ನೋಡ್ರಿ ಅಕ್ಕೋರ, ಡಾಕ್ಟರ್ ಹೇಳಿ ಹೇಳಿ ಸಾಕಾಗಿತ್ತು,” ಎಂದು ನಕ್ಕರು. ಆದರೆ ಮದುವೆಯ ಹಂಗಾಮಿನಲ್ಲಿ ಬ್ಯಾಂಡಿನ ಸದ್ದು ಬಂದರೆ ಕಿಟಕಿಗೆ ಹೋಗಿ ನಿಲ್ಲುತ್ತಿದ್ದರು. ಜನರ ನಡುವೆ ಬೆಳೆದ ಮನುಷ್ಯನಿಗೆ ಅದು ದೊಡ್ಡ ಪೆಟ್ಟು. ನನಗೆ ಸಂಕಟವಾಗುತ್ತಿತ್ತು, ಅವರ ಎದುರಿಗೆ ಮಾತ್ರ ತಡವಾಗಿ ಬಂದದ್ದಕ್ಕೆ ಬೈಯುತ್ತಲೇ ಇದ್ದೆ.

ನೀಲಾ ಓದಿದಳು, ನರ್ಸ್ ಆದಳು, ಬಾಗಲಕೋಟೆಯ ದವಾಖಾನೆಯಲ್ಲಿ ನೌಕರಿ ಹಿಡಿದಳು. ಒಂದು ದಿನ ಆಫೀಸಿಗೆ ಬಂದು ತನ್ನ ಲಗ್ನಪತ್ರಿಕೆಯನ್ನು ಸಾಹೇಬರ ಕೈಗೆ ಕೊಟ್ಟಳು. ವರನನ್ನು ಆಕೆಯೇ ಮೆಚ್ಚಿದ್ದಳು. ಬಾಗಿಲ ಹೊರಗೆ ನಿಂತಿದ್ದ ಈರಣ್ಣ, ಅಷ್ಟು ವರ್ಷಗಳ ಮೇಲೆ ಮೊದಲ ಸಲ ಅವರತ್ತ ನೋಡಿ, “ಬರ್ರಿ ಸಾಹೇಬ್ರ,” ಎಂದ. ಸಾಹೇಬರು ಬರೀ ತಲೆಯಾಡಿಸಿದರು. ಭಾಷಣ ಬರದೆ ಹೋದದ್ದು ಅದೊಂದೇ ಸಲ.

ಮದುವೆಯ ದಿನ ನಾನು ಹುನಗುಂದದಿಂದ ಮೊದಲ ಬಸ್ಸಿಗೇ ಹೊರಟೆ. ಎಲ್ಲರಿಗಿಂತ ಮೊದಲು ಮುಟ್ಟುವುದು ನನ್ನ ಹಟ. ಅದೇ ಇಳಕಲ್ಲು, ಅದೇ ಕಲ್ಯಾಣ ಮಂಟಪ. ಕಸ ಹೊಡೆಯುವವಳು ಇನ್ನೂ ಅಂಗಳದಲ್ಲಿದ್ದಳು, ಒಳಗೆ ಕುರ್ಚಿಗಳು ಒಂದರ ಮೇಲೊಂದು ಪೇರಿಸಿದಂತೆಯೇ ಇದ್ದವು. ಒಂದು ಕುರ್ಚಿಯನ್ನು ಮಾತ್ರ ಇಳಿಸಿಕೊಂಡು, ವೇದಿಕೆಯ ಎದುರಿಗೆ ಹಾಕಿಕೊಂಡು, ಗಂಜಿ ಹಾಕಿದ ಬಿಳಿ ಅಂಗಿಯಲ್ಲಿ ಒಬ್ಬರು ಕೂತಿದ್ದರು. ಮೌಲಾಸಾಬ ಹೊರಗೆ ಜೀಪಿನಲ್ಲಿ ಗೊರಕೆ ಹೊಡೆಯುತ್ತಿದ್ದ.

“ಇದೇನ್ರಿ ಸಾಹೇಬ್ರ! ಸೂರ್ಯಾ ಪಶ್ಚಿಮಕ್ಕ ಹುಟ್ಟ್ಯಾನೇನು?” ಎಂದೆ.

“ಸಾವಕಾಶ ಮಾತಾಡ್ರಿ,” ಎಂದರು, ವಧುವಿನ ಖೋಲಿಯ ಕಡೆ ಕಣ್ಣುಮಾಡಿ. “ಇವತ್ತ ನಾ ತಡಾ ಮಾಡಿದ್ರ ಆ ಹುಡುಗಿ ಅಂಜೂದಿಲ್ಲೇನ್ರಿ? ಸಾಹೇಬ್ರಿಗೆ ಏನೋ ಗೊತ್ತಾಗೇತಿ, ವರನೊಳಗ ಏನೋ ಖೋಟ ಐತಿ, ಅದಕ್ಕ ಬರವಲ್ರು ಅಂತ.”

ಅಷ್ಟರಲ್ಲಿ ಖೋಲಿಯ ಬಾಗಿಲು ಅರ್ಧ ತೆರೆಯಿತು. ಅರಿಷಿಣದ ಮುಖವೊಂದು ಹೊರಗೆ ಇಣುಕಿ, ಸಾಲುಸಾಲು ಖಾಲಿ ಜಾಗದ ನಡುವಿನ ಆ ಒಂದು ಕುರ್ಚಿಯನ್ನು ನೋಡಿತು. ಒಳಗೆ ತಿರುಗಿ ಕೂಗಿದಾಗ ಮೈಕ್ ಬೇಡದ ಆ ಗಂಟಲು ಮಂಟಪದ ತುಂಬ ಮೊಳಗಿತು.

“ಅವ್ವಾ, ಸಾಹೇಬ್ರು ಬಂದಾರ! ಬಾ, ಸೀರಿ ಉಡಸು.”